ಕನ್ನಡಿಯ ಹಿಂದಿನ ಫಿಟ್ ಸರ್ಟಿಫಿಕೇಟು

ಅಪ್ಪನಿಗೆ ಜ್ವರ ಬಂದಾಗ ಮನೆಯಲ್ಲಿ ಸಂತೋಷಪಟ್ಟವಳು ಅವ್ವ ಒಬ್ಬಳೇ. ಅದು ಐವತ್ತೇಳನೆಯ ಇಸವಿ. ದೇಶ ದೇಶ ಸುತ್ತಿದ ಫ್ಲೂ ನಾಗಪುರಕ್ಕೂ ಬಂದು, ನಮ್ಮ ಓಣಿಯಲ್ಲಿ ಮನೆಗೊಬ್ಬರು ಹಾಸಿಗೆ ಹಿಡಿದಿದ್ದರು. ಅವ್ವ ಅಪ್ಪನ ಹಣೆ ಮುಟ್ಟಿ, "ಚಲೋ ಆತು" ಎಂದಳು. ಹದಿಮೂರು ವರ್ಷದವಳಾದ ನಾನು, ಅವಳಿಗೂ ಜ್ವರ ತಲೆಗೇರಿದೆ ಎಂದುಕೊಂಡೆ.

ಅವಳ ವಿಚಾರ ಬೇರೆಯಿತ್ತು. ಅಪ್ಪ ತಂಬಾಕು ತಿಕ್ಕಿ ಇಟ್ಟುಕೊಳ್ಳುವ ಎಡಗೆನ್ನೆಯ ಒಳಗೆ ಒಂದು ಹುಣ್ಣಾಗಿ ತಿಂಗಳುಗಳಾಗಿದ್ದವು. ನಾಗಪುರದ ಕಿತ್ತಳೆ, ಸಂತ್ರಿ ಹಣ್ಣಿನ ರಸ ತಾಗಿ ಉರಿಯಿತೆಂದು ಅವನು ಸಂತ್ರಿ ಬಿಟ್ಟ, ತಂಬಾಕು ಬಿಡಲಿಲ್ಲ. "ಡಾಕ್ಟರಿಗೆ ತೋರಸ್ರಿ" ಎಂದರೆ, "ಉಣ್ಣಾಕ ಬರತೈತಿ, ನಿನ್ನ ಬೈಯಾಕ ಬರತೈತಿ, ಬಾಯಿಗೇನಾಗೇತಿ?" ಎನ್ನುತ್ತಿದ್ದ.

ಆದರೆ ಅಪ್ಪನ ಸರಕಾರಿ ಕಚೇರಿಯಲ್ಲಿ ಒಂದು ನಿಯಮವಿತ್ತು. ಜ್ವರದ ರಜೆ ಹಾಕಿದವನು ಕೆಲಸಕ್ಕೆ ಮರಳುವ ಮೊದಲು ಕಚೇರಿಯ ದವಾಖಾನೆಯಿಂದ ಫಿಟ್ ಸರ್ಟಿಫಿಕೇಟು ತರಬೇಕು. ಅಲ್ಲಿನ ಡಾಕ್ಟರು ಬಾಯೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡದೆ ಯಾರಿಗೂ ಸಹಿ ಹಾಕುತ್ತಿರಲಿಲ್ಲ. ಅವ್ವ ಏಳು ದಿನ ಗಂಜಿ ಕಾಯಿಸಿದ್ದು ಆ ಬ್ಯಾಟರಿಗಾಗಿ.

ಎಂಟನೆಯ ದಿನ ಹೋದ ಅಪ್ಪ ಅರ್ಧ ತಾಸಿನಲ್ಲೇ ಮರಳಿದ. ದವಾಖಾನೆಯ ತುಂಬ ಕೆಮ್ಮುವ ಜನ. ಡಾಕ್ಟರಿಗೇ ಜ್ವರ. ಗುಣವಾದವರು ಒಳಗೆ ಬರುವುದೇ ಬೇಡವೆಂದು ಕಿಟಕಿಯಲ್ಲೇ ಕಾಗದ ಕೊಡುತ್ತಿದ್ದರಂತೆ.

"ಬಾಯಿ ನೋಡಿದರೇನ್ರಿ?" ಎಂದಳು ಅವ್ವ.

"ಮಾರೀನ ನೋಡಲಿಲ್ಲ, ಬಾಯಿ ಎಲ್ಲಿಂದ ನೋಡ್ತಾರ? ಕೈ ಹಾಕಿದೆ, ಕಾಗದ ಬಂತು."

ಅಪ್ಪ ಗುಮಾಸ್ತ. ನಕಲು ಇಟ್ಟುಕೊಳ್ಳದೆ ಯಾವ ಕಾಗದವನ್ನೂ ಯಾರಿಗೂ ಕೊಟ್ಟವನಲ್ಲ. ಸರ್ಟಿಫಿಕೇಟಿನ ನಕಲನ್ನು ತಾನೇ ಟೈಪು ಮಾಡಿ ತಂದು ಕನ್ನಡಿಯ ಹಿಂದೆ ಸಿಕ್ಕಿಸಿದ. ಅವ್ವ ಹುಣ್ಣಿನ ಮಾತೆತ್ತಿದಾಗಲೆಲ್ಲ ಅತ್ತ ಬೆರಳು ತೋರಿಸಿ, "ಸರಕಾರಾನ ಫಿಟ್ ಅಂದೈತಿ, ನೀ ಯಾರ?" ಎನ್ನುತ್ತಿದ್ದ. ಇಂಗ್ಲಿಷು ಬಾರದ ಅವ್ವ ಆ ಕಾಗದಕ್ಕೆ ಹೆದರಿ ಸುಮ್ಮನಾಗುತ್ತಿದ್ದಳು. ನನಗೆ ಬರುತ್ತಿತ್ತು. ಅದರಲ್ಲಿದ್ದದ್ದು ಜ್ವರ ಇಳಿದ ಮಾತು ಮಾತ್ರ. ನಾನು ಅದನ್ನು ಹೇಳಲಿಲ್ಲ. ವಾದದಲ್ಲಿ ಅಪ್ಪ ಗೆಲ್ಲುವುದು ನನಗೆ ಇಷ್ಟವಾಗುತ್ತಿತ್ತು. ಅವನು ಹೋಗಿ ಎಷ್ಟು ವರ್ಷವಾದರೂ ಈ ಸಂಕಟ ಹೋಗಿಲ್ಲ.

ದಸರೆಯ ಹೊತ್ತಿಗೆ ಅವನು ರೊಟ್ಟಿಯನ್ನು ಹಾಲಿನಲ್ಲಿ ನೆನೆಸತೊಡಗಿದ. ದೀಪಾವಳಿಗೆ ಚಕ್ಕುಲಿ ಮುಟ್ಟಲಿಲ್ಲ. ಬೈಗುಳಗಳೂ ಗಿಡ್ಡವಾದವು. ವಯಸ್ಸಾಯಿತು, ಸಿಟ್ಟು ಇಳಿಯಿತು ಎಂದುಕೊಂಡೆವು.

ಪೇಟೆಗೆ ಹೊಸ ಸಂತ್ರಿ ಬಂದಾಗ ಅವ್ವ ಅವನನ್ನು ಟಾಂಗಾದಲ್ಲಿ ಕೂಡ್ರಿಸಿ ರಾಮದಾಸಪೇಠದ ಡಾಕ್ಟರೊಬ್ಬರ ಬಳಿ ಕರೆದೊಯ್ದಳು. ಅವಳಿಗೆ ಹಿಂದಿ ಸಾಲದೆಂದು ನಾನೂ ಹೋದೆ. ಇವರ ಹತ್ತಿರ ಒಳ್ಳೆಯ ಬ್ಯಾಟರಿಯಿತ್ತು, ಬೇಕಾದಷ್ಟು ಸಮಯವೂ ಇತ್ತು. ಬಾಯಿ ತೆರೆಯಲು ಹೇಳಿದರು. ಅಪ್ಪನ ಬಾಯಿ ಒಂದು ಬೆರಳಷ್ಟು ತೆರೆಯಿತು. ಇನ್ನಷ್ಟು ಎಂದರು. ಅಪ್ಪ ಎರಡೂ ಕೈಯಿಂದ ಗದ್ದ ಹಿಡಿದು ಎಳೆದ. ಕಣ್ಣಲ್ಲಿ ನೀರು ಬಂತು, ಬಾಯಿ ತೆರೆಯಲಿಲ್ಲ.

ಕ್ಯಾನ್ಸರ್, ದವಡೆಗೆ ಇಳಿದಿದೆ ಎಂದರು. ಹುಣ್ಣು ಎಂದಿನಿಂದ ಇದೆಯೆಂದು ವಿಚಾರಿಸಿ, ಫ್ಲೂ ಕಾಲದಲ್ಲೇ ಯಾಕೆ ತೋರಿಸಲಿಲ್ಲ ಎಂದು ಕೇಳಿದರು. ಅಪ್ಪ ಕನ್ನಡಿಯ ಹಿಂದಿನಿಂದ ತಂದಿದ್ದ, ನಾಲ್ಕಾಗಿ ಮಡಿಸಿದ ನಕಲನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಡಾಕ್ಟರು ಅದನ್ನು ಓದಿ ನನ್ನ ಕಡೆ ನೋಡಿ ಏನೋ ಅಂದರು.

"ಏನಂದ್ರು?" ಎಂದಳು ಅವ್ವ.

"ಇದರಾಗ ಬಾಯಿ ಸುದ್ದೀನ ಇಲ್ಲಂತ."

ಅವ್ವ ಕಾಗದ ನೋಡಿದಳು, ಆಮೇಲೆ ನನ್ನನ್ನು.

"ನಿನಗ ಓದಾಕ ಬರತಿತ್ತಲ್ಲ?" ಎಂದಳು.