ಮೂಟೆಗಳನ್ನು ಕೂರಿಸಿ ನೋಡಿದ ಅತ್ತೆ

ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದ ಕಾಲ. ಮಾದಾಪುರದ ಹತ್ತಿರ ನಮ್ಮದೊಂದು ಚಿಕ್ಕ ಕಾಫಿ ತೋಟ, ಮನೆಯಲ್ಲಿ ಒಂಬತ್ತು ಜನ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ದೊಡ್ಡ ವ್ಯಾನೊಂದನ್ನು ಅಪ್ಪ ಮೈಸೂರಿನಿಂದ ಓಡಿಸಿಕೊಂಡು ಬಂದ. ಇಡೀ ಸಂಸಾರ ಒಂದೇ ಗಾಡಿಯಲ್ಲಿ ಹೋಗಬಹುದು ಎಂಬುದೇ ಅವನ ಸಂಭ್ರಮ. ಹಿಂದೆ ಎದುರುಬದುರಾಗಿ ಎರಡು ಮರದ ಬೆಂಚು ಹಾಕಿಸಿದ. ಬಾಗಿಲಿರಲಿಲ್ಲ. ಹಿಂಬದಿಯ ಹಲಗೆ ಎತ್ತಿ ಕೊಂಡಿ ಹಾಕಿದರೆ ಆಯಿತು.

ಮದುವೆಯೊಂದಕ್ಕೆ ಹೋಗುವಾಗ ಸೋಮವಾರಪೇಟೆ ದಾರಿಯ ಏರು ತಿರುವಿನಲ್ಲಿ ಆ ಕೊಂಡಿ ಕಳಚಿಕೊಂಡಿತು. ಬೆಂಚಿನ ತುದಿಯಲ್ಲಿ ಕೂತಿದ್ದವಳು ಅಪ್ಪನ ಅಕ್ಕ, ನಮ್ಮ ಅತ್ತೆ. ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದಳು. ಮಡಿಲಲ್ಲಿ ನನ್ನ ಪುಟ್ಟ ತಂಗಿ. ಅತ್ತೆ ಕೂತಿದ್ದ ಜಾಗದಲ್ಲಿ ಇದ್ದಕ್ಕಿದ್ದಂತೆ ಬರೀ ರಸ್ತೆ ಕಂಡದ್ದು ನನಗೆ ಇವತ್ತಿಗೂ ನೆನಪಿದೆ. ಗಾಡಿ ನಿಲ್ಲಿಸಿ ಓಡಿದೆವು. ಅವಳು ಮಗುವನ್ನು ಎದೆಗೆ ಅವಚಿಕೊಂಡು ಮಣ್ಣಿನಲ್ಲಿ ಕೂತಿದ್ದಳು. ತಂಗಿಗೆ ಒಂದು ಗೀರೂ ಆಗಿರಲಿಲ್ಲ. ಅತ್ತೆಯ ಎಡಗೈ ಮುರಿದಿತ್ತು.

ಅಪ್ಪ ಗಾಡಿಯನ್ನು ಕೊಟ್ಟಿಗೆಯ ಪಕ್ಕ ನಿಲ್ಲಿಸಿದವನು ಅತ್ತ ಸುಳಿಯಲೇ ಇಲ್ಲ. ಅತ್ತೆಯ ಮುಖ ನೋಡುವುದಕ್ಕೂ ಅವನಿಗೆ ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವಳೇ ಮಾತು ತೆಗೆದಳು.

“ಗಾಡಿ ಏನ್ ಮಾಡ್ತೀಯ?”

“ಮಾರಾಕ್ಬಿಡ್ತೀನಿ ಕಣಕ್ಕ.”

“ಮಾರಿದ್ರೆ ನನ್ ಕೈ ಕೂಡ್ಕೋತದಾ? ಮೊದ್ಲು ಎಲ್ಲೆಲ್ಲಿ ಏಟು ಬೀಳ್ತದೆ ನೋಡಾನ.”

ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ ಮುರಿದ ಕೈ ಇಟ್ಟುಕೊಂಡೇ ಅವಳು ಕೆಲಸಕ್ಕೆ ನಿಂತಳು. ಕಾಫಿ ತೂಗುವ ತಕ್ಕಡಿಯಲ್ಲಿ ನಮ್ಮನ್ನೆಲ್ಲ ತೂಗಿದಳು. ಒಬ್ಬೊಬ್ಬರ ತೂಕಕ್ಕೂ ಸರಿಯಾಗಿ ಒಂದೊಂದು ಗೋಣಿಚೀಲಕ್ಕೆ ತೌಡು, ಮರಳು ತುಂಬಿಸಿದಳು. ಅಜ್ಜಿಯ ಮೂಟೆಗೆ ಸೀಮೆಸುಣ್ಣದಲ್ಲಿ ಮೂರು ಪಟ್ಟೆ ವಿಭೂತಿ, ನನ್ನದಕ್ಕೆ ಎರಡು ಜಡೆ ಬರೆದಳು. ಎಂಟು ಮೂಟೆಗಳನ್ನು ಅವರವರ ಜಾಗದಲ್ಲಿ ಕೂರಿಸಿ, ಕಣದಲ್ಲಿ ಜೋರಾಗಿ ಓಡಿಸಿ ಬ್ರೇಕ್ ಹಾಕು ಎಂದು ಅಪ್ಪನಿಗೆ ಹೇಳಿದಳು.

ನಾವು ನಗುತ್ತ ನೋಡುತ್ತಿದ್ದೆವು. ಗಾಡಿ ಗಕ್ಕನೆ ನಿಂತಿತು. ನನ್ನ ಮೂಟೆ ಬೆಂಚಿನುದ್ದಕ್ಕೂ ಜಾರಿ, ಮುಂದಿನ ಸೀಟಿನ ಕಬ್ಬಿಣದ ಮೂಲೆಗೆ ಬಡಿದು ಬಾಯಿಬಿಟ್ಟಿತು. ಎರಡು ಜಡೆಯ ನಡುವಿನಿಂದ ತೌಡು ಸುರಿಯಿತು. ಅಮ್ಮ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಯಾರೂ ನಗಲಿಲ್ಲ.

ತೋಟದ ಕೂಲಿಯವರ ಲೈನ್ ಮನೆಯಲ್ಲಿದ್ದ ಮಲಯಾಳಿ ಆಚಾರಿಯನ್ನು ಕರೆಸಿದರು. ಬೆಂಚುಗಳನ್ನು ಮುಂದಕ್ಕೆ ಮುಖ ಮಾಡಿ ಒಂದರ ಹಿಂದೊಂದು ಕೂರಿಸಿದ್ದಾಯಿತು. ಹಿಂದಿನ ಹಲಗೆಗೆ ಮೊಳೆ ಹೊಡೆದು, ಎಡಗಡೆ ಬಾಗಿಲು ಇಟ್ಟರು. ಕಬ್ಬಿಣದ ಮೂಲೆಗಳಿಗೆಲ್ಲ ತೆಂಗಿನ ನಾರಿಟ್ಟು ಗೋಣಿ ಸುತ್ತಿದರು. ಹಳೆಯ ಮಿಲಿಟರಿ ಡೇರೆಯ ಕ್ಯಾನ್ವಾಸ್ ಕತ್ತರಿಸಿ ಸೊಂಟಕ್ಕೆ ಪಟ್ಟಿ ಮಾಡಬೇಕೆಂದು ಅತ್ತೆ ಹೇಳಿದಾಗ ಆಚಾರಿ ಉಳಿ ಕೆಳಗಿಟ್ಟ.

“ಬಸ್ಸಲ್ಲೂ ಇಂಥದ್ದು ಇಲ್ಲಲ್ಲ ಅಮ್ಮಾ. ಜನಗಳನ್ನ ಕಟ್ಟಿ ಹಾಕೂದಾ?”

“ನೀ ಬಿದ್ದು ನೋಡಿದೀಯಾ ಆಚಾರಿ? ನಾ ಬಿದ್ದಿದೀನಿ.”

ಆಚಾರಿ ಮತ್ತೆ ಉಳಿ ಎತ್ತಿಕೊಂಡ. ಪ್ರತಿ ಬದಲಾವಣೆಗೂ ಮೂಟೆಗಳು ಮತ್ತೆ ಸವಾರಿ ಹೋದವು. ಎಂಟೂ ಅಲುಗದೆ ಕೂತ ಮೇಲೆಯೇ ನಮಗೆ ಹತ್ತಲು ಅಪ್ಪಣೆ ಸಿಕ್ಕಿದ್ದು. ಸೋಮವಾರಪೇಟೆ ಸಂತೆಯಲ್ಲಿ ಜನ ಪಟ್ಟಿ ಕಟ್ಟಿಕೊಂಡು ಕೂತ ನಮ್ಮನ್ನು ನೋಡಿ ನಕ್ಕರು. ನನಗೆ ತಲೆ ಎತ್ತಲಾಗದಷ್ಟು ನಾಚಿಕೆ.

ಮರುವರ್ಷದ ಮಳೆಗಾಲ. ಒಂದು ಮಧ್ಯಾಹ್ನ ಮಡಿಕೇರಿಯಿಂದ ಬರುತ್ತಿದ್ದೆವು. ತಿರುವಿನಲ್ಲಿ ಎದುರಾದ ಎತ್ತಿನ ಗಾಡಿಗೆ ದಾರಿ ಬಿಡಲು ಹೋಗಿ ವ್ಯಾನು ಜಾರಿ, ಚರಂಡಿ ದಾಟಿ, ಪಕ್ಕದ ಮಣ್ಣಿನ ದಿಬ್ಬಕ್ಕೆ ಗುದ್ದಿತು. ಪಟ್ಟಿ ಹೊಟ್ಟೆಗೆ ಒತ್ತಿ ಉಸಿರು ಕಟ್ಟಿದಂತಾಯಿತು. “ಎಲ್ಲಾ ಇದೀರಾ?” ಎಂದು ಅಜ್ಜಿ ಕೂಗಿದಳು. ಎಲ್ಲರೂ ಓಗೊಟ್ಟೆವು, ಅಪ್ಪನೊಬ್ಬನ ಹೊರತು. ಸ್ಟಿಯರಿಂಗ್ ಅವನ ಎದೆಗೆ ಬಡಿದಿತ್ತು.

ಎರಡು ಪಕ್ಕೆಲುಬು ಮುರಿದಿವೆ, ಜೀವಕ್ಕೇನೂ ಭಯವಿಲ್ಲ ಎಂದರು ಆಸ್ಪತ್ರೆಯಲ್ಲಿ. ಅತ್ತೆ ಅವನ ಮಂಚದ ಪಕ್ಕ ಕೂತು ಅತ್ತಳು. ಕೈ ಮುರಿದಾಗಲೂ ಅವಳು ಅತ್ತಿರಲಿಲ್ಲ.

“ಎಲ್ರ ಜಾಗಕ್ಕೂ ಮೂಟೆ ಇಟ್ಟೆ. ನಿನ್ ಜಾಗಕ್ಕೆ ಇಡ್ಲೇ ಇಲ್ವಲ್ಲೋ ತಮ್ಮ.”

“ನಾನೇ ಕೂತಿದ್ನಲ್ಲಕ್ಕ ಅಲ್ಲಿ.”

“ಅದಕ್ಕೇ ನಂಗೆ ಕಾಣ್ಲಿಲ್ಲ.”

ಎಲ್ಲರನ್ನೂ ಕರೆದುಕೊಂಡು ಹೋಗುವವನಿಗೂ ಪೆಟ್ಟಾಗಬಹುದು ಎಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ, ಅಪ್ಪನಿಗೂ ಕೂಡ. ಈಗ ನಾನು ಅವನ ಅಂದಿನ ವಯಸ್ಸನ್ನು ಎಂದೋ ದಾಟಿದ್ದೇನೆ. ಅವನಿಗೆ ಆಗ ಇನ್ನೂ ನಲವತ್ತು ಕೂಡ ತುಂಬಿರಲಿಲ್ಲ ಎಂದು ನೆನೆದರೆ ಆಶ್ಚರ್ಯವಾಗುತ್ತದೆ.

ಅಪ್ಪ ಮನೆಗೆ ಬರುವಷ್ಟರಲ್ಲಿ ಅತ್ತೆ ಹೆಗಲಿನಿಂದ ಸೊಂಟಕ್ಕೆ ಬರುವಂತೆ ಅಗಲವಾದ ಪಟ್ಟಿಯೊಂದನ್ನು ತಾನೇ ಹೊಲಿದಿದ್ದಳು. ಮೊದಲ ದಿನ ಅದನ್ನು ಹಾಕಿಕೊಳ್ಳಲು ಅಪ್ಪ ಸಂಕೋಚಪಟ್ಟ. ಗೇರು ಹಾಕಲು ಕೈಯಾಡುವುದಿಲ್ಲ ಎಂದು ಗೊಣಗಿದ. ಅತ್ತೆ ವಾದಕ್ಕೆ ಹೋಗದೆ ಪಟ್ಟಿ ಬಿಚ್ಚಿ, ಎರಡು ಬೆರಳು ಸಡಿಲ ಮಾಡಿ ಮತ್ತೆ ಹೊಲಿದು ಕೊಟ್ಟಳು.