ನೀರಕ್ಕನ ಬೋರಲು ಲೋಟ

ಹಲ್ಲಿನ ವೈದ್ಯದಲ್ಲಿ ಇಕ್ಕಳ ಹಿಡಿದವರಿಗೆ ಸಂದಷ್ಟು ಗೌರವ, ಆ ಇಕ್ಕಳದ ಮುಂದೆ ರೋಗಿಯನ್ನು ಹೊತ್ತು ಮೀರುವ ಮೊದಲೇ ತಂದು ಕೂರಿಸುವವರಿಗೆ ಸಂದಿಲ್ಲ. ನಮ್ಮ ದಂತ ಆಸ್ಪತ್ರೆಯ ಗ್ರಂಥಾಲಯದ ಗಾಜಿನ ಕಪಾಟಿನಲ್ಲಿ ಈಗಾಗಲೇ ಮೂರು ಅಭಿನಂದನ ಗ್ರಂಥಗಳಿವೆ. ಮೂರೂ ಪ್ರಾಧ್ಯಾಪಕರಿಗೆ ಅರ್ಪಿತವಾದವು. ಮೂರನ್ನೂ ಆ ಪ್ರಾಧ್ಯಾಪಕರ ಮನೆಯವರ ಹೊರತು ಬೇರಾರೂ ಪೂರ್ತಿ ಓದಿದಂತಿಲ್ಲ. ನಾಲ್ಕನೆಯದಾಗಿ ಹೊರಬರುತ್ತಿರುವ ಈ ಗ್ರಂಥವು, ಮೂವತ್ತನಾಲ್ಕು ವರ್ಷ ಹೊರರೋಗಿಗಳ ಹಜಾರದಲ್ಲಿ ಸಹಾಯಕಿಯಾಗಿ ದುಡಿದು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ, ನಮ್ಮೆಲ್ಲರ ಬಾಯಲ್ಲಿ ನೀರಕ್ಕ ಎಂದೇ ಆಗಿಹೋಗಿರುವ ಹಿರಿಯರಿಗೆ ಸಲ್ಲುತ್ತಿರುವುದು ಆ ಕಪಾಟಿಗೇ ಒಂದು ಮರ್ಯಾದೆ. ಸಂಪಾದಕ ಮಂಡಳಿಯ ಸಭೆಯಲ್ಲಿ, ಹಜಾರದ ಸಹಾಯಕಿಗೂ ಒಂದು ಗ್ರಂಥವೇ ಎಂದು ಹುಬ್ಬೇರಿಸಿದವರೂ ಇದ್ದರು. ಅವರಿಗೆ ಎಂದೂ ದವಡೆ ಊದಿರಲಾರದು ಎಂದುಕೊಂಡು ನಾನು ಸುಮ್ಮನಾದೆ.

ಇಪ್ಪತ್ತೆಂಟು ವರ್ಷಗಳ ಹಿಂದೆ ಕಿರಿಯ ವೈದ್ಯನಾಗಿ ನಾನು ಈ ಆಸ್ಪತ್ರೆಗೆ ಬಂದಾಗ ಹಜಾರ ಈಗಿನಂತಿರಲಿಲ್ಲ. ಅರ್ಧ ಗೋಡೆಗೆ ಹಸಿರು ಬಣ್ಣ, ಕೂತು ಕೂತು ನುಣುಪಾದ ಎಂಟು ಮರದ ಬೆಂಚುಗಳು, ಎಲ್ಲೆಲ್ಲೂ ಲವಂಗದೆಣ್ಣೆಯ ವಾಸನೆ, ಒಳಗಿನಿಂದ ಯಂತ್ರದ ಗುಂಯ್‌ಗುಡುವಿಕೆ. ಆ ಸದ್ದಿಗೇ ಅರ್ಧ ಜನರ ನೋವು ವಾಸಿಯಾಗಿ ಮನೆಗೆ ಹೋಗುವ ಮನಸ್ಸಾಗುತ್ತಿತ್ತು. ಬೆಳಿಗ್ಗೆ ಎಂಟೂವರೆಗೆ ಚೀಟಿ ಕೊಡುವುದು ಮುಗಿಯುತ್ತಲೇ ನೀರಕ್ಕ ಒಂದು ಕೈಯಲ್ಲಿ ಸ್ಟೀಲಿನ ಜಗ್ಗು, ಇನ್ನೊಂದು ಕೈಯಲ್ಲಿ ಕುದಿಸಿ ತೆಗೆದ ಪುಟ್ಟ ಲೋಟಗಳ ತಟ್ಟೆ ಹಿಡಿದು ಮೊದಲ ಬೆಂಚಿನಿಂದ ಹೊರಡುತ್ತಿದ್ದರು. ಪ್ರತಿಯೊಬ್ಬರಿಗೂ ಒಂದು ಲೋಟ ನೀರು, ಒಂದೇ ಮಾತು: "ಒಂದು ಗುಟುಕು ಕುಡೀರಿ."

ಹೊಸಬರೆಲ್ಲರಂತೆ ನಾನೂ ಅದನ್ನು ಉಪಚಾರವೆಂದೇ ತಿಳಿದಿದ್ದೆ. ಅದು ಪರೀಕ್ಷೆ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಲೋಟ ಕೊಟ್ಟ ಮೇಲೆ ಅವರು ಮುಖ ನೋಡುತ್ತಿರಲಿಲ್ಲ, ಗಂಟಲು ನೋಡುತ್ತಿದ್ದರು. ಬಾಯಿ ಎರಡು ಬೆರಳಿನಷ್ಟೂ ತೆರೆಯದವರು, ತಣ್ಣೀರನ್ನು ನೋವಿರುವ ಕಡೆ ಹಿಡಿದಿಟ್ಟುಕೊಂಡು ಬಿಡಲೊಲ್ಲದವರು, ನುಂಗಲಾರದೆ ಕಟಬಾಯಿಯಿಂದ ಸೋರಿಸುವವರು, ಹೀಗೆ ಒಬ್ಬೊಬ್ಬರೂ ಅವರ ಲೆಕ್ಕದಲ್ಲಿ ಬೇರೆ ಬೇರೆ. ಕೊನೆಯ ಬಗೆಯವರು ಕಂಡರೆ ಅವರು ಯಾರಿಗೂ ಏನೂ ಹೇಳದೆ, ಸೀದಾ ಒಳಗೆ ಬಂದು, ನಮ್ಮ ಉಪಕರಣಗಳ ಮೇಜಿನ ಮೇಲೆ ಆ ಲೋಟವನ್ನು ಬೋರಲು ಹಾಕಿ ಇಡುತ್ತಿದ್ದರು. ಬೋರಲು ಲೋಟ ಕಂಡರೆ ಕೈಯಲ್ಲಿದ್ದದ್ದನ್ನು ಬಿಟ್ಟು ಏಳಬೇಕು. ಇದು ಯಾವ ನಿಯಮ ಪುಸ್ತಕದಲ್ಲೂ ಇರಲಿಲ್ಲ, ಆದರೂ ಹಿರಿಯ ವೈದ್ಯರೆಲ್ಲ ಪಾಲಿಸುತ್ತಿದ್ದರು.

ಎಲ್ಲಿ ಕಲಿತಿರಿ ಎಂದು ಒಮ್ಮೆ ಕೇಳಿದ್ದೆ. ಇಲ್ಲಿಗೆ ಬರುವ ಮೊದಲು ಎರಡು ವರ್ಷ ಶಿಶುವಿಹಾರವೊಂದರಲ್ಲಿ ಮಕ್ಕಳಿಗೆ ಉಣಿಸುವ ಕೆಲಸ ಮಾಡಿದ್ದರಂತೆ. "ಮಾತು ಬರದ ಮಕ್ಳು ಎಲ್ಲಿ ನೋವು ಅಂತ ಹೇಳ್ತಾವಾ ಡಾಕ್ಟ್ರೇ? ನೀರು ಬೇಡ ಅಂದ್ರೆ ಏನೋ ಆಗಿದೆ ಅಂತ ಅರ್ಥ. ದೊಡ್ಡೋರೂ ಅಷ್ಟೇ, ಮರ್ಯಾದೆಗೆ ಅಂಜಿ ಹೇಳಲ್ಲ" ಎಂದಿದ್ದರು.

ನಾನು ಸೇರಿದ ಮೊದಲ ವರ್ಷವೇ ಶಾಲೆಯೊಂದರಿಂದ ಫೋನು ಬಂತು. ಒಂಬತ್ತು ವರ್ಷದ ಹುಡುಗಿ ಬಿದ್ದು ಮುಂದಿನ ಹಲ್ಲು ಬುಡಸಮೇತ ಕಿತ್ತುಬಂದಿತ್ತು. ಫೋನು ಎತ್ತಿದವರು ನೀರಕ್ಕ. "ಮೇಡಂ, ಬೇರು ಮುಟ್ಬೇಡಿ, ತಿಕ್ಕಿ ತೊಳೀಬೇಡಿ. ಹಾಲಲ್ಲಿ ಹಾಕ್ಕೊಂಡು ಈಗ್ಲೇ ಹೊರಡಿ" ಎಂದು ಹೇಳಿ, ಅವರು ಬರುವಷ್ಟರಲ್ಲಿ ನನ್ನ ಮೇಜಿನ ಮೇಲೆ ಲೋಟ ಬೋರಲು ಹಾಕಿ, ಕುರ್ಚಿಯನ್ನೂ ಖಾಲಿ ಮಾಡಿಸಿದ್ದರು. ಅರ್ಧ ಗಂಟೆಯೊಳಗೆ ಹಲ್ಲು ತನ್ನ ಗೂಡಿಗೆ ಮರಳಿತ್ತು. ಆ ಹುಡುಗಿ ಈಗ ಎರಡು ಮಕ್ಕಳ ತಾಯಿ. ಇದೇ ಗ್ರಂಥದಲ್ಲಿ ಅವರ ಲೇಖನವಿದೆ, ಜೊತೆಯ ಭಾವಚಿತ್ರದಲ್ಲಿ ನಗುತ್ತಿರುವುದು ಅದೇ ಹಲ್ಲು. ಇಂಥ ನೆನಪುಗಳನ್ನಷ್ಟೇ ಪೋಣಿಸಿ ಲೇಖನ ಮುಗಿಸಬಹುದಿತ್ತು. ಆದರೆ ನಾನು ಬರೆಯಬೇಕಾದದ್ದು ಬೇರೆ ಇದೆ, ಮತ್ತು ಅದನ್ನು ಇಪ್ಪತ್ತಾರು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ.

ನನ್ನ ಸೇವೆಯ ಎರಡನೆಯ ವರ್ಷ ಆಸ್ಪತ್ರೆಗೆ ಟೋಕನ್ ಯಂತ್ರ ಬಂತು. ಕೆಂಪು ಅಂಕಿಗಳು ಹೊಳೆಯುವ ಆ ಯಂತ್ರದ ಉಸ್ತುವಾರಿ ನನಗೆ ಸಿಕ್ಕಿದ್ದೇ ತಡ, ನನಗೆ ಕೊಂಬು ಬಂತು. ಗಡಿಯಾರ ಹಿಡಿದು ಹಜಾರದಲ್ಲಿ ನಿಂತು, ನೀರು ಹಂಚುವ ಸುತ್ತಿನಲ್ಲಿ ದಿನಕ್ಕೆ ನಲವತ್ತು ನಿಮಿಷ ವ್ಯರ್ಥವಾಗುತ್ತಿದೆ ಎಂದು ಕಂಡುಹಿಡಿದೆ. ನೀರಕ್ಕನವರನ್ನು ಕರೆದು, "ನಾಳೆಯಿಂದ ನೀರು ಬೇಡ. ಬೇಕಾದವರು ನಲ್ಲಿ ಹತ್ರ ಹೋಗಿ ಕುಡೀಲಿ. ನೀವು ಯಂತ್ರದ ಪಕ್ಕ ನಿಂತು ನಂಬರ್ ಕೂಗಿದ್ರೆ ಸಾಕು" ಎಂದೆ.

"ಆಯ್ತು ಡಾಕ್ಟ್ರೇ. ಆದ್ರೆ ಯಾರು ನುಂಗ್ತಾರೆ, ಯಾರು ನುಂಗಲ್ಲ ಅಂತ ಯಂತ್ರಕ್ಕೆ ಹೇಗೆ ಗೊತ್ತಾಗುತ್ತೆ?"

ನಾನು ನಕ್ಕೆ. ಬಾಯಿಮಾತಿನ ಆಜ್ಞೆಯಾದ್ದರಿಂದ ಕಾಗದದ ಮೇಲೆ ಏನೂ ಉಳಿಯಲಿಲ್ಲ.

ಹತ್ತನೆಯ ದಿನ ಒಬ್ಬ ದರ್ಜಿ ಬಂದರು. ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದ, ಬಹಳ ಸಂಕೋಚದ ಮನುಷ್ಯ. ಅವರ ಟೋಕನ್ ಅರವತ್ತಮೂರು. ಕೊನೆಯ ದವಡೆಹಲ್ಲಿನ ಕೀವು ಗದ್ದದ ಕೆಳಗೆ ಇಳಿದಿತ್ತು ಎಂಬುದು ಮಫ್ಲರಿನೊಳಗೆ ಯಾರಿಗೂ ಕಾಣಲಿಲ್ಲ. ಎರಡೂವರೆ ಗಂಟೆ ಅವರು ಬೆಂಚಿನ ತುದಿಯಲ್ಲಿ ಕೂತಿದ್ದರು. ಅಳುವ ಮಗುವೊಂದನ್ನು ಎತ್ತಿಕೊಂಡಿದ್ದ ತಾಯಿಗೆ ತಮ್ಮ ಜಾಗವನ್ನೂ ಬಿಟ್ಟುಕೊಟ್ಟು ಗೋಡೆಗೆ ಒರಗಿ ನಿಂತರಂತೆ. ಯಂತ್ರದ ಪಕ್ಕ ನಿಂತಿದ್ದ ನೀರಕ್ಕನವರಿಗೆ ದೂರದಿಂದ ಕಂಡದ್ದು ಒಂದೇ: ಆತ ಎಂಜಲು ನುಂಗುತ್ತಿಲ್ಲ, ಮತ್ತೆ ಮತ್ತೆ ಕರವಸ್ತ್ರಕ್ಕೆ ಬಿಡುತ್ತಿದ್ದಾರೆ. ಅವರು ಕೂಗುವುದನ್ನು ನಿಲ್ಲಿಸಿ, ಬೀರುವಿನಿಂದ ಜಗ್ಗು ತೆಗೆದು, ದರ್ಜಿಯ ಬಳಿ ಹೋಗಿ ಒಂದು ಗುಟುಕು ಕುಡಿಯಲು ಹೇಳಿದರು. ನೀರು ಹಾಗೇ ಹೊರಗೆ ಬಂತು.

ಬೋರಲು ಲೋಟ ನನ್ನ ಮೇಜಿಗೆ ಬಂದಾಗ ನಾನು ಒಬ್ಬರ ಹಲ್ಲಿಗೆ ಸಿಮೆಂಟು ತುಂಬುತ್ತಿದ್ದೆ. ತಲೆ ಎತ್ತದೆ ಕೇಳಿದೆ, "ಟೋಕನ್ ಎಷ್ಟು?"

"ಅರವತ್ಮೂರು."

"ಈಗ ನಲವತ್ತು ನಡೀತಿದೆ" ಎಂದು ಲೋಟವನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದೆ.

ಅವರು ತಿರುಗಿ ಹೊರಟರು. ಗಾಲಿಕುರ್ಚಿ ತಂದು, ದರ್ಜಿಯನ್ನು ಕೂರಿಸಿ, ತಾವೇ ತಳ್ಳಿಕೊಂಡು ಅಂಗಳದಾಚೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಓಡಿದರು. ಅಷ್ಟರಲ್ಲಿ ದರ್ಜಿಯ ನಾಲಿಗೆ ಮೇಲಕ್ಕೆದ್ದು ಉಸಿರಿನ ದಾರಿ ಮುಚ್ಚತೊಡಗಿತ್ತು. ಅಲ್ಲಿನ ವೈದ್ಯರು ಕುತ್ತಿಗೆಯಲ್ಲಿ ದಾರಿ ಮಾಡಿ ಕೊಳವೆ ಇಳಿಸಿ, ಗದ್ದದ ಕೆಳಗೆ ಕೊಯ್ದು ಕೀವು ತೆಗೆದರು. ಇನ್ನು ಕಾಲು ಗಂಟೆ ತಡವಾಗಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದು ಅವರು ಆಮೇಲೆ ನನಗೆ ಹೇಳಿದರು. ದರ್ಜಿ ಬದುಕಿದರು. ಈಗಲೂ ವರ್ಷಕ್ಕೊಮ್ಮೆ ಹಜಾರಕ್ಕೆ ಬಂದು ನೀರಕ್ಕನವರ ಕೈಯಿಂದ ಒಂದು ಲೋಟ ನೀರು ಕುಡಿದು ಹೋಗುತ್ತಾರೆ.

ಮರುವಾರ ವಿಚಾರಣೆ ನಡೆಯಿತು. ಅಧೀಕ್ಷಕರ ಕೋಣೆಯಲ್ಲಿ ನಾನು, ನೀರಕ್ಕನವರು, ಒಬ್ಬ ಗುಮಾಸ್ತ. ರೋಗಿ ಎರಡೂವರೆ ಗಂಟೆ ಯಾರ ಕಣ್ಣಿಗೂ ಬೀಳದೆ ಕೂತದ್ದು ಹೇಗೆ, ವರ್ಷಗಳಿಂದ ಇದ್ದ ನೀರಿನ ಸುತ್ತು ನಿಂತದ್ದು ಏಕೆ ಎಂದು ಅಧೀಕ್ಷಕರು ಕೇಳಿದರು. ನೀರಕ್ಕನವರು ನನ್ನ ಕಡೆ ನೋಡಿದರು. ನಾನು ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ನೋಡಿದೆ. ನನ್ನ ನೌಕರಿ ಖಾಯಂ ಆಗಲು ಇನ್ನು ಎರಡೇ ತಿಂಗಳು ಬಾಕಿ ಇತ್ತು. ಬಾಯಿಗೆ ಬೀಗ ಬಿತ್ತು. ಅವರೂ ಮಾತಾಡಲಿಲ್ಲ. ಸುತ್ತನ್ನು ತಾವಾಗಿಯೇ ನಿಲ್ಲಿಸಿದ ಕರ್ತವ್ಯಲೋಪಕ್ಕಾಗಿ ಅವರ ಸೇವಾ ಕಡತಕ್ಕೆ ಒಂದು ಮೆಮೊ ಸೇರಿತು. ಅದರಿಂದಾಗಿ ಮುಖ್ಯ ಸಹಾಯಕಿಯ ಹುದ್ದೆ ಅವರಿಗೆ ಬರಬೇಕಾದ್ದಕ್ಕಿಂತ ಆರು ವರ್ಷ ತಡವಾಗಿ ಬಂತು.

ಇಷ್ಟಕ್ಕೇ ನಿಲ್ಲಲಿಲ್ಲ. ಸುತ್ತನ್ನು ಮತ್ತೆ ಆರಂಭಿಸುವ ಲಿಖಿತ ಆದೇಶ ಹೊರಟದ್ದು ನನ್ನ ಸಹಿಯಲ್ಲಿ. ಮುಂದೆ ಅದರ ಬಗ್ಗೆ ನಾನೊಂದು ಪ್ರಬಂಧ ಓದಿದೆ, ಚಪ್ಪಾಳೆ ಗಿಟ್ಟಿಸಿದೆ. ಬೇರೆ ಆಸ್ಪತ್ರೆಗಳೂ ಅದನ್ನು ನನ್ನ ವಿಧಾನವೆಂದೇ ಅನುಸರಿಸಿದವು. ವಿದ್ಯಾರ್ಥಿಗಳು ಅದನ್ನು ನನ್ನ ಹೆಸರಿನಲ್ಲೇ ಪರೀಕ್ಷೆಯಲ್ಲಿ ಬರೆದರು, ನಾನು ಅದಕ್ಕೆ ಪೂರ್ತಿ ಅಂಕವನ್ನೂ ಕೊಟ್ಟೆ. ಈ ಎಲ್ಲ ವರ್ಷ ನೀರಕ್ಕನವರು ಒಮ್ಮೆಯೂ ಚುಚ್ಚಿ ಮಾತಾಡಲಿಲ್ಲ. ನನ್ನ ತಾಯಿ ಹಲ್ಲುನೋವಿಂದ ಬಂದು, ಡಾಕ್ಟರ ಅಮ್ಮನೆಂದು ಹೇಳಿಕೊಳ್ಳದೆ ಬೆಂಚಿನಲ್ಲಿ ಕೂತ ದಿನ, ಅವರಿಗೂ ಎಲ್ಲರಂತೆ ಒಂದು ಲೋಟ ನೀರು ಕೊಟ್ಟು, ಕುಡಿದದ್ದು ನೋಡಿ, ಪಕ್ಕದಲ್ಲಿ ಕೂತು ಮಗನ ಕೈಗುಣವನ್ನು ಹೊಗಳಿದ್ದರಂತೆ. ಅದನ್ನು ಅಮ್ಮ ಮನೆಗೆ ಬಂದು ಹೇಳಿದಾಗ ನನಗೆ ಊಟ ಸೇರಲಿಲ್ಲ.

ಕಳೆದ ತಿಂಗಳು ಈ ಗ್ರಂಥಕ್ಕೆ ಬೇಕಾದ ವಿವರಗಳಿಗಾಗಿ ಅವರ ಸೇವಾ ಕಡತ ತರಿಸಿದೆ. ಮೂವತ್ತನಾಲ್ಕು ವರ್ಷದಲ್ಲಿ ಅದರೊಳಗೆ ಇದ್ದ ಕಪ್ಪು ಚುಕ್ಕೆ ಅದೊಂದೇ. ಅಂದೇ ನಿರ್ದೇಶಕರಿಗೆ ಪತ್ರ ಬರೆದೆ: ಸುತ್ತು ನಿಲ್ಲಿಸಲು ಹೇಳಿದವನು ನಾನು, ಬೋರಲು ಲೋಟವನ್ನು ಸರಿಸಿದವನು ನಾನು, ಆ ವಿಧಾನ ಅವರದು, ಮೆಮೊ ರದ್ದಾಗಬೇಕು. ಅದರ ಪ್ರತಿಯನ್ನು ಹಿಡಿದು ಬೆಳಿಗ್ಗೆ ಹಜಾರಕ್ಕೆ ಹೋದೆ. ಅವರು ಆಗಷ್ಟೇ ಜಗ್ಗು ತುಂಬಿಸಿಕೊಂಡಿದ್ದರು. ಕನ್ನಡಕ ಹಾಕಿಕೊಂಡು ಪತ್ರವನ್ನು ನಿಧಾನವಾಗಿ, ಎರಡು ಸಲ ಓದಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

ಅವರು ಒಂದು ಲೋಟಕ್ಕೆ ನೀರು ಬಗ್ಗಿಸಿ ನನ್ನ ಮುಂದೆ ಹಿಡಿದರು. "ಒಂದು ಗುಟುಕು ಕುಡೀರಿ."

ಕುಡಿದೆ. ಅವರು ನನ್ನ ಗಂಟಲನ್ನೇ ನೋಡುತ್ತಿದ್ದರು. ಮೊದಲ ಗುಟುಕು ಅಲ್ಲೇ ನಿಂತಿತು, ಎರಡನೆಯದಕ್ಕೆ ಇಳಿಯಿತು.

"ಇಳೀತಲ್ಲ, ಹಾಗಾದ್ರೆ ಅರ್ಜೆಂಟಿಲ್ಲ. ಬೆಂಚ್ ಮೇಲೆ ಕೂತಿರಿ, ನಿಮ್ಮ ಸರದಿ ಬರುತ್ತೆ" ಎಂದು ನೀರಿನ ಸುತ್ತು ಹೊರಟೇಬಿಟ್ಟರು.

ವಿಭಾಗದ ಮುಖ್ಯಸ್ಥನಾದ ನಾನು ದರ್ಜಿ ಕೂತಿದ್ದ ಬೆಂಚಿನ ತುದಿಯಲ್ಲಿ ನಲವತ್ತು ನಿಮಿಷ ಕೂತೆ. ಸುತ್ತು ಮುಗಿಸಿ ಬಂದು ಪಕ್ಕದಲ್ಲಿ ಕೂತ ಅವರನ್ನು, ಆವತ್ತು ನೀವೇಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ನೀವು ಹೇಳ್ತೀರ ಅಂತ ಕಾದೆ. ಹೇಳಲಿಲ್ಲ, ಬೇಜಾರಾಯ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಾನು ಬಾಯಿ ಬಿಟ್ಟಿದ್ರೆ ನೀವು ಇಲ್ಲ ಅಂತಿದ್ರಿ. ಹಾಗೆ ಮುಖ ಮುರ್ಕೊಂಡ್ಮೇಲೆ ನಾಳೆ ನಾನು ಲೋಟ ಇಟ್ರೆ ನೀವು ಎದ್ದು ಬರ್ತಿದ್ರಾ? ಈ ಬೆಂಚಿನ ಮೇಲಿರೋರಿಗೆ ನೀವು ಎದ್ದು ಬರೋದು ಬೇಕಿತ್ತು ಡಾಕ್ಟ್ರೇ."

ಆ ಘಟನೆಯ ನಂತರ ಇಪ್ಪತ್ತಾರು ವರ್ಷದಲ್ಲಿ ಬೋರಲು ಲೋಟ ಕಂಡು ನಾನು ಏಳದೆ ಕೂತದ್ದು ಒಂದು ಸಲವೂ ಇಲ್ಲ. ಅದು ನನ್ನ ಪಶ್ಚಾತ್ತಾಪದ ಫಲವೆಂದು ನಾನು ತಿಳಿದಿದ್ದೆ. ಅದಕ್ಕೆ ಬೆಲೆ ತೆತ್ತವರು ಬೇರೆ ಎಂದು ಆ ಬೆಂಚಿನ ಮೇಲೆ ತಿಳಿಯಿತು.

ನಿವೃತ್ತಿಯ ನಂತರವೂ ವಾರಕ್ಕೆ ಎರಡು ಬೆಳಿಗ್ಗೆ ಬಂದು ವಿದ್ಯಾರ್ಥಿಗಳಿಗೆ ಜಗ್ಗು ಹಿಡಿಯುವುದನ್ನು ಕಲಿಸಲು ನೀರಕ್ಕನವರು ಒಪ್ಪಿದ್ದಾರೆ. ಮೊದಲ ಪಾಠ ಮರುದಿನವೇ ನನಗೇ ಆಯಿತು. ಕೊನೆಯ ಬೆಂಚಿಗೆ ನಾನು ನೀರು ಕೊಡುವಾಗ, ಚೆಲ್ಲಿದ್ದೇ ಹೆಚ್ಚು ಎಂದು ಅವರು ನಕ್ಕರು. ಅವರು ಆಯುರಾರೋಗ್ಯದಿಂದ ಬಹುಕಾಲ ಈ ಹಜಾರಕ್ಕೆ ಬರುತ್ತಿರಲಿ, ನಮ್ಮ ಗಂಟಲುಗಳನ್ನು ನೋಡುತ್ತಿರಲಿ. ಅವರ ಸಲುವಾಗಿ ಯಾರೂ, ಎಲ್ಲಿಯೂ ಲೋಟ ಬೋರಲು ಹಾಕುವ ದಿನ ಬಾರದಿರಲಿ. ಒಂದು ವೇಳೆ ಬಂದರೆ, ಮೇಜಿನ ಆಚೆ ಕೂತವನು ಟೋಕನ್ ಎಷ್ಟು ಎಂದು ಕೇಳದಿರಲಿ.