ಮೂರನೆಯ ಸಾಲು

ಹಿರಿಯೂರಿನ ಕಡೆ ತೋಟವಿದ್ದವರಾದರೆ ಈ ವಾಸನೆ ನಿಮಗೂ ಗೊತ್ತು. ಒಣಗಿದ ಕಾಲುವೆಗೆ ಮೊದಲ ನೀರು ಬಂದಾಗ ಮಣ್ಣು, ಪಾಚಿ, ಕೊಳೆತ ತೆಂಗಿನ ಗರಿ ಎಲ್ಲ ಸೇರಿ ಮೇಲೇಳುವ ವಾಸನೆ. ಈ ಬೆಳಿಗ್ಗೆ ಅದು ನಮ್ಮ ಅಡುಗೆಮನೆಯವರೆಗೂ ಬಂತು. "ಮದ್ವೆ ಮನೆಗೆ ಗಂಗಮ್ಮನೇ ಬಂದವ್ಳೆ" ಎಂದರು ಅತ್ತೆ. ನಾಳೆ ನನ್ನ ಮಗಳ ಮದುವೆ, ಇವತ್ತು ಅರಿಶಿನ. ನನಗೆ ಮಾತ್ರ ಖುಷಿಪಡಬೇಕೋ ಬೇಡವೋ ತಿಳಿಯಲಿಲ್ಲ, ಅಜ್ಜಿಯ ನೆನಪಾಯಿತು.

ನನ್ನ ತವರು ಹೊಸದುರ್ಗದ ಕಡೆ. ಮಾರಿಕಣಿವೆಗೆ ಅಣೆಕಟ್ಟು ಕಟ್ಟಿದಾಗ ಊರು ಮುಳುಗಿ, ಒಲೆಗುಂಡು ಹೊತ್ತುಕೊಂಡು ಮೇಲಕ್ಕೆ ಬಂದವರ ಪೈಕಿ ನಾವು. ಅಜ್ಜಿ ಆ ಊರನ್ನು ಕಂಡವಳಲ್ಲ, ಅವಳ ಅಜ್ಜಿ ಕಂಡಿದ್ದಳು. ಆದರೂ "ಕೆಳಗಿನೋರ ತೋಟಕ್ಕೆ ನಮ್ಮೂರು ಹೋತು" ಎಂದು ನಿನ್ನೆ ಮೊನ್ನೆ ನಡೆದಂತೆ ಸಿಡುಕುತ್ತಿದ್ದಳು. ನನ್ನನ್ನು ಕಣಿವೆಯ ಕಾಲುವೆ ನೀರು ಉಣ್ಣುವ ಆ ಕೆಳಗಿನೋರಿಗೇ, ಈ ಹಿರಿಯೂರಿನ ಕಡೆಗೇ ಕೊಟ್ಟಾಗ ಮುಖ ಊದಿಸಿಕೊಂಡು ಕೂತಳು. ಹೋಳಿಗೆಯನ್ನೇನೂ ಬಿಡಲಿಲ್ಲ ಅನ್ನಿ.

ನಮ್ಮ ಮನೆತನದಲ್ಲಿ ಹೆಣ್ಣಿಗೆ ಅರಿಶಿನ ಹಚ್ಚುವಾಗ ಈ ಪದ ಹೇಳಲೇಬೇಕು:

ಕಣಿವೆಗೆ ಕಲ್ಲಿಟ್ಟು ಹೊಳೆಯ ಕಟ್ಟ್ಯಾರೆ
ಮುಳುಗೈತೆ ತವರ ಹೊಸಿಲವ್ವ, ನನ ಮಗಳೆ

ಪದಕ್ಕೆ ಮೂರು ಸಾಲು. ಎರಡನ್ನು ಹೇಳಿ, ಮೂರನೆಯದರ ಜಾಗದಲ್ಲಿ ಬಾಯಿ ಮುಚ್ಚಿಕೊಂಡು ಕಣಿವೆಯ ಕಡೆ ತಿರುಗಿ ನಿಲ್ಲುವುದು ಪದ್ಧತಿ. ಮೂರನೆಯದೇನು ಎಂದು ಕೇಳಿದರೆ ಅಜ್ಜಿ, "ನಮ್ಮೂರು ಮ್ಯಾಲೆದ್ದಾಗ ಹೇಳ್ತೀನಿ" ಅನ್ನುತ್ತಿದ್ದಳು.

ಒಮ್ಮೆ ಮಳೆ ಕೈಕೊಟ್ಟು ಕಣಿವೆಯ ನೀರು ತೀರ ಇಳಿಯಿತು. ಗೋಡೆಗಳ ಬುಡ, ಒಂದು ಒರಳುಕಲ್ಲು ಕಂಡವು. ಅಜ್ಜಿಯನ್ನು ಕರೆದುಕೊಂಡು ಹೋದೆವು. ಬಿರುಕುಬಿಟ್ಟ ಕೆಸರಿನಲ್ಲಿ ನಿಂತು ಆ ಒರಳನ್ನು ಬಹಳ ಹೊತ್ತು ನೋಡಿದಳು.

"ಈಗ ಹೇಳಜ್ಜಿ" ಎಂದೆ.

"ಇದು ನಮ್ಮೂರಲ್ಲ ಬಿಡು. ಹೋಗಾಣ."

ಗುರುತು ಸಿಗಲಿಲ್ಲವೋ, ಸಾಲೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬಾಯಿಗೆ ಬರಲಿಲ್ಲವೋ. ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು, ನನಗಿನ್ನೂ ಬಗೆಹರಿದಿಲ್ಲ.

ಮಧ್ಯಾಹ್ನ ಮಗಳನ್ನು ಮಣೆಯ ಮೇಲೆ ಕೂರಿಸಿದೆವು. ಎರಡು ಸಾಲು ಹಾಡಿ ಕಣಿವೆಯ ಕಡೆ ತಿರುಗಿದೆ. ಅತ್ತೆಗೆ ಕಸಿವಿಸಿಯಾಯಿತು.

"ಮದ್ವೆ ಪದ ಅರ್ಧಕ್ಕೆ ಬಿಡಬಾರ್ದು ಕಣೇ, ಮಗೀಗೆ ಒಳ್ಳೇದಲ್ಲ. ಏನಾರ ಕಟ್ಟಿ ಮುಗ್ಸು."

ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡೆರಡು ಸಲ ನೆಕ್ಕಿ ನೋಡುವವಳು ನಾನು, ಪದ ಕಟ್ಟುವುದೆಲ್ಲಿ ಬಂತು? "ನಮ್ಮೂರು ಮ್ಯಾಲೆದ್ದಾಗ ಮುಗಿಸೋದಂತೆ ಅತ್ತೆ" ಎಂದೆ.

ಅತ್ತೆಯ ಅರಿಶಿನದ ಕೈ ಮಗಳ ಕೆನ್ನೆಯ ಮೇಲೆಯೇ ನಿಂತಿತು. "ಊರು ಮ್ಯಾಲೇಳಬೇಕಂದ್ರೆ ಕಣಿವೆ ಬತ್ತಬೇಕಲ್ಲೇ. ನಮ್ ತೋಟ?"

ಹೌದಲ್ಲ! ಇಷ್ಟು ವರ್ಷ ಇದು ನನ್ನ ತಲೆಗೆ ಹೋಗಿರಲೇ ಇಲ್ಲ. ನನ್ನ ಮಗಳು ಬೆಳೆದದ್ದು ಈ ನೀರಿನಲ್ಲಿ. ಅಜ್ಜಿಯ ಮೇಲೆ ಸಿಟ್ಟು ಬಂತು, ಅವಳಿಗಾಗಿ ಅಳುವೂ ಬಂತು, ಯಾವುದು ಮೊದಲೋ ಗೊತ್ತಾಗಲಿಲ್ಲ.

"ಅಷ್ಟಕ್ಕೇ ಇರ್ಲಿ ಬಿಡು" ಎಂದರು ಅತ್ತೆ. ಮೊಣಕಾಲು ಹಿಡಿದುಕೊಂಡು ಎದ್ದು, ನನ್ನ ಪಕ್ಕಕ್ಕೆ ಬಂದು ಕಣಿವೆಯ ಕಡೆ ಮುಖ ಮಾಡಿ ನಿಂತರು. ಮಗಳೂ ಎದ್ದು ನಿಂತಳು. ಕಾಲುವೆಯ ಸದ್ದು ಕೇಳುತ್ತಿತ್ತು, ಅದೇ ವಾಸನೆ ಬರುತ್ತಿತ್ತು. ಅದರಲ್ಲಿ ನಮ್ಮೂರಿನ ಮಣ್ಣೂ ಇದ್ದೀತು ಎಂದು ನನಗೆ ಮೊದಲ ಸಲ ಅನ್ನಿಸಿತು.